ಕಾರಿನೊಳಗೆ ಯಾರ್ಯಾರಿದ್ದರು

ಮನುಷ್ಯರು ಇಳಿದು ಬಾಗಿಲು ಹಾಕಿದ ಕೂಡಲೇ ಕಾರು ಖಾಲಿಯಾಯಿತು ಎಂದು ತಿಳಿಯುವವರು ಎಂದೂ ಕಾರು ಇಟ್ಟವರಲ್ಲ. ಎಪ್ಪತ್ತರ ದಶಕದಲ್ಲಿ ನಾನು ಸಂಶಿಯ ಸಾಹುಕಾರರೊಬ್ಬರ ಕಾರು ಓಡಿಸುತ್ತಿದ್ದೆ. ಅದರಲ್ಲಿ ಒಂದು ಹುಳ ಹೋಯಿತು ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಸೇರುತ್ತಿತ್ತು. ಇಲ್ಲಿ ಹೇಳುವುದೆಲ್ಲ ಒಂದೇ ವರ್ಷದಲ್ಲಿ, ಮಿರಗದ ಮಳೆಯಿಂದ, ಅಂದರೆ ಜೂನ್ ತಿಂಗಳ ಮೊದಲ ಮಳೆಯಿಂದ, ದೀಪಾವಳಿಯವರೆಗೆ ನಡೆದದ್ದು.

ಮೊದಲು ಕಾರು ಎಲ್ಲಿ ನಿಲ್ಲುತ್ತಿತ್ತು ಎಂಬುದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ತಪ್ಪೆಲ್ಲ ಹುಳಗಳದೇ ಎಂದು ಅನ್ನಿಸುತ್ತದೆ. ಅದು ನಿಲ್ಲುತ್ತಿದ್ದದ್ದು ದನದ ಕೊಟ್ಟಿಗೆಯಲ್ಲಿ. ಮೊದಲು ಎರಡು ಎತ್ತು, ಆಮೇಲೆ ಒಂದು ಎಮ್ಮೆ, ಅದರ ಬಾಜೂಕ್ಕೆ ಕಾರು. ಡಿಕ್ಕಿಯಲ್ಲಿ, ಅಂದರೆ ಕಾರಿನ ಹಿಂದಿನ ಪೆಟ್ಟಿಗೆಯಲ್ಲಿ, ಯಾವಾಗಲೂ ಒಂದು ಶೇಂಗಾದ ಚೀಲ. ಹತ್ತಿಯ ಸುಗ್ಗಿಯಲ್ಲಿ ಹಿಂದಿನ ಸೀಟಿನ ಮೇಲೆ ಹತ್ತಿ. ಕಾರು ಕಪ್ಪು ಬಣ್ಣದ್ದು, ದುಂಡು ಬೆನ್ನಿನದು, ಕತ್ತಲಲ್ಲಿ ಎಮ್ಮೆ ಯಾವುದು ಕಾರು ಯಾವುದು ಎಂದು ಮುಟ್ಟಿ ನೋಡಬೇಕಾಗುತ್ತಿತ್ತು.

೧. ಸೋಮವಾರದ ಸಕ್ಕರೆ

ಮೊದಲು ಬಂದವು ಇರುವೆಗಳು. ಇರುವೆ ಕಾರಿಗೆ ಹತ್ತಿದೆ ಎಂದು ಗೊತ್ತಾಗಲು ಜಾಣತನ ಬೇಕಿಲ್ಲ, ಕುಳಿತರೆ ಸಾಕು. ಆದರೆ ಅವು ಎಲ್ಲಿಂದ ಹತ್ತುತ್ತವೆ ಎಂದು ಹುಡುಕಲು ತಾಳ್ಮೆ ಬೇಕು. ನಾನು ಎರಡು ದಿನ ಮೊಣಕಾಲೂರಿ ನೋಡಿದೆ. ಕೆಂಪಿರುವೆ ಸಾಲಾಗಿ ಎಡಗಡೆ ಗಾಲಿಯ ಮೇಲೆ ಹತ್ತಿ, ಬಾಗಿಲ ಸಂದಿನಿಂದ ಒಳಗೆ ಹೋಗುತ್ತಿದ್ದವು. ನಾಲ್ಕೂ ಗಾಲಿಯ ಸುತ್ತ ಅರಿಸಿನದ ಗೆರೆ ಎಳೆದೆ, ಒಳಗೆಲ್ಲ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದೆ. ಮೂರು ದಿನ ಒಂದೂ ಇರಲಿಲ್ಲ. ನಾಲ್ಕನೆಯ ದಿನ ಮೊದಲಿಗಿಂತ ಹೆಚ್ಚು.

ಅಂದು ಸೋಮವಾರ. ಬಾಗಿಲು ತೆರೆದರೆ ಹಿಂದಿನ ಸೀಟಿನ ಕೆಳಗೆ ಒಂದು ಹಿಡಿ ರವೆ, ಅದರ ಮೇಲೆ ಸಕ್ಕರೆ. ಸಾಹುಕಾರರ ತಾಯಿ ಕೈ ಝಾಡಿಸಿಕೊಳ್ಳುತ್ತ ಪಕ್ಕದಲ್ಲೇ ನಿಂತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಊರೆಲ್ಲ ಅವರನ್ನು ಅವ್ವಾರು ಎನ್ನುತ್ತಿತ್ತು. ಪ್ರತಿ ಸೋಮವಾರ ಇರುವೆಗಳಿಗೆ ಸಕ್ಕರೆ ಹಾಕದೆ ಅವರು ತಾವು ಚಹಾ ಕುಡಿಯುತ್ತಿರಲಿಲ್ಲ.

“ಅವ್ವಾರ, ಹೊರಗ ಹಾಕತಿದ್ರಲ್ಲರಿ?” ಎಂದೆ.

“ಹೊರಗ ಮಳಿ ಐತಲ್ಲೋ. ಸಕ್ಕರಿ ಕರಗಿ ನೀರಾತಂದ್ರ ಇರಬಿ ಏನ ತಿನ್ನಬೇಕು?”

ಸಾಹುಕಾರರು ಕೋಟು ಹಾಕಿಕೊಂಡು ಕುಂದಗೋಳಕ್ಕೆ ಹೊರಟು ಬಂದಿದ್ದರು. “ಅವ್ವಾ, ಅದು ನಾವು ಕುಂದ್ರೂ ಗಾಡಿ” ಎಂದರು.

“ಐದ ಮಂದಿ ಕುಂದ್ರೂ ಗಾಡ್ಯಾಗ ನೀ ಒಬ್ಬನ ಕುಂದ್ರತಿ. ಅವು ಎಷ್ಟ ಜಾಗಾ ಹಿಡಿತಾವ?”

ಸಾಹುಕಾರರು ಅಂದು ಕುಂದಗೋಳಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಹೋದರು. ಉಣ್ಣುವವರನ್ನು ನಡುವೆ ಎಬ್ಬಿಸಬಾರದು ಎಂದು ಅವ್ವಾರು ಗಾಡಿ ಅಲುಗಿಸಲು ಬಿಡಲಿಲ್ಲ.

೨. ರಸಿಕರು

ಮಳೆ ಬಿಟ್ಟು ಅವ್ವಾರ ಸಕ್ಕರೆ ಅಂಗಳಕ್ಕೆ ಹೋದ ಮೇಲೆ ಇರುವೆಗಳೂ ಹೋದವು. ಶ್ರಾವಣದಲ್ಲಿ ಕುಂದಗೋಳದಲ್ಲಿ ಒಂದು ಮುಂಜಾನೆಯ ಬೈಠಕ್ ಇತ್ತು. ಗವಾಯಿಗಳು ಹಾಡುತ್ತಾರೆ, ಕೇಳುವವರು ಗಾದಿಯ ಮೇಲೆ ಹತ್ತಿರದಲ್ಲೇ ಕೂರುತ್ತಾರೆ, ಅದೇ ಬೈಠಕ್. ಹಿಂದಿನ ದಿನ ಅಲ್ಲಿಗೆ ಬೇಕಾದ ನಾಲ್ಕು ಗಾದಿಗಳನ್ನು ಯಾರದೋ ಮನೆಯಿಂದ ನಮ್ಮ ಕಾರಿನಲ್ಲೇ ಸಾಗಿಸಿದ್ದೆ. ಗಾದಿಗಳು ಇಳಿದವು. ಅವುಗಳ ತಗಣಿಗಳು ಇಳಿಯಲಿಲ್ಲ.

ತಗಣಿ, ಅಂದರೆ ತಿಗಣೆ, ಇದೆಯೋ ಇಲ್ಲವೋ ನೋಡಲು ಸೀಟಿನ ಹೊಲಿಗೆಯ ಸಂದಿನಲ್ಲಿ ಒಂದು ದಪ್ಪ ಕಾಗದದ ಮೂಲೆ ಎಳೆಯಬೇಕು, ಕಾಗದಕ್ಕೆ ಕಂದು ಬಣ್ಣ ಹತ್ತಿದರೆ ಇವೆ ಎಂದರ್ಥ. ಇದನ್ನು ನಾನು ಕಲಿತದ್ದು ಆಮೇಲೆ. ಅಂದು ಮುಂಜಾನೆ ಸಾಹುಕಾರರು ಹಿಂದಿನ ಸೀಟಿನಲ್ಲಿ ಒರಗಿಕೊಂಡು ಬಂದರು, ಬೈಠಕ್ಕಿನಲ್ಲಿ ಎಲ್ಲರಿಗಿಂತ ಮುಂದೆ ಕೂತರು. ನಾನು ಬಾಗಿಲ ಬಳಿ ನಿಂತೆ.

ಗವಾಯಿಗಳು ನಿಧಾನವಾಗಿ ಸ್ವರ ಹಚ್ಚಿದರು. ಎಲ್ಲರೂ ಕಣ್ಣು ಮುಚ್ಚಿದ್ದರು. ಸಾಹುಕಾರರು ಒಮ್ಮೆಲೆ ಬೆನ್ನು ನೆಟ್ಟಗೆ ಮಾಡಿ “ಆಹಾ” ಎಂದರು. ಗವಾಯಿಗಳು ಸಂತೋಷದಿಂದ ಅದೇ ಜಾಗವನ್ನು ಇನ್ನೊಮ್ಮೆ ಹಾಡಿದರು. ಸಾಹುಕಾರರು ಬಲಭುಜ ಕುಣಿಸಿದರು. ಗವಾಯಿಗಳು ಇನ್ನೂ ಮೇಲಕ್ಕೆ ಹೋದರು. ಸಾಹುಕಾರರು ತೊಡೆ ಬಡಿದುಕೊಂಡರು, ಕುತ್ತಿಗೆ ತಿರುವಿದರು, ಕೊನೆಗೆ ಕುಳಿತಲ್ಲಿಂದ ಗೇಣುದ್ದ ಎದ್ದೇಬಿಟ್ಟರು. ಗವಾಯಿಗಳು ಉಳಿದವರನ್ನೆಲ್ಲ ಬಿಟ್ಟು ಇವರೊಬ್ಬರಿಗೇ ಹಾಡತೊಡಗಿದರು. ಒಂದು ತಾಸಿಗೆ ಮುಗಿಯಬೇಕಾದ ರಾಗ ಎರಡು ತಾಸಾಯಿತು.

ಮುಗಿದ ಮೇಲೆ ಗವಾಯಿಗಳು ಸಾಹುಕಾರರ ಎರಡೂ ಕೈ ಹಿಡಿದುಕೊಂಡು, “ಸಾವಕಾರ್ರ, ಮಂದಿ ಮುಖ್ಯ ಜಾಗಾದಾಗ ತಲಿ ತೂಗತಾರ್ರಿ. ನೀವು ಬಾಕಿ ಯಾರಿಗೂ ತಿಳಿಯದ ಜಾಗಾದಾಗನೂ ಹಿಡದ್ರಿ” ಎಂದರು.

ಸಾಹುಕಾರರು ಬಗಲು ತುರಿಸಿಕೊಳ್ಳುತ್ತ, “ಅದು ಒಳಗಿಂದ ಬರತೈತ್ರಿ” ಎಂದರು.

ಕಾರಿನ ಹತ್ತಿರ ಬಂದಾಗ ಮಾತ್ರ ಅವರ ಮುಖ ಬದಲಾಗಿತ್ತು. ಮುಂದಿನ ಸೀಟಿನಲ್ಲಿ ಕೂತು ಹೇಳಿದರು: “ನೋಡಲೇ, ದೀಪಾವಳಿ ಲಕ್ಷ್ಮೀಪೂಜಾದ ಒಳಗ ಈ ಗಾಡ್ಯಾಗ ನಾನು ನೀನು ಬಿಟ್ಟು ಇನ್ನೊಂದ ಜೀವ ಇರಬಾರದು. ಇದ್ರ ಗಾಡಿ ಮಾರಿ ಬಿಡತೇನಿ.”

ಸೀಟುಗಳನ್ನು ಬಿಚ್ಚಿ ನಾಲ್ಕು ದಿನ ಬಿಸಿಲಿಗೆ ಹಾಕಿ, ಕುದಿನೀರು ಸುರಿದು ತಗಣಿಗಳನ್ನು ಕಳೆದೆ. ಆದರೆ ಆ ಮಾತು ಎದೆಯಲ್ಲಿ ಉಳಿಯಿತು. ಕಾರಣ ಹೇಳುತ್ತೇನೆ. ಅದೇ ತಿಂಗಳು ಅಣ್ಣಿಗೇರಿಯ ಒಂದು ಹುಡುಗಿಯನ್ನು ನನಗೆ ಕೊಡುವ ಮಾತು ನಡೆದಿತ್ತು. ನನಗೆ ಹೊಲ ಇರಲಿಲ್ಲ, ಮನೆ ಎಂದರೆ ಎರಡು ಖೋಲಿ. ಹುಡುಗಿಯ ತಂದೆ ಒಪ್ಪಿದ್ದು ಒಂದೇ ಕಾರಣಕ್ಕೆ, ಹುಡುಗ ಕಾರು ಓಡಿಸುತ್ತಾನೆ ಎಂದು. ನೋಡಲು ಹೋದ ದಿನ ಹುಡುಗಿ ಅವಲಕ್ಕಿಯ ತಾಟು ಇಡುತ್ತ, “ಕಾರಿನ್ಯಾಗ ಕುಂತ್ರ ಹೊಟ್ಟಿ ತೊಳಸತೈತೇನ್ರಿ?” ಎಂದು ಮೆಲ್ಲಗೆ ಕೇಳಿದ್ದಳು. “ಮುಂದ ಕುಂತ್ರ ಇಲ್ಲರಿ” ಎಂದಿದ್ದೆ. ಆಗಿನಿಂದ ಮುಂದಿನ ಸೀಟನ್ನು ದಿನಾ ಎರಡು ಸಲ ಒರೆಸುತ್ತಿದ್ದೆ. ಈಗ ಕಾರೇ ಹೋದರೆ ನನ್ನ ಹತ್ತಿರ ಒರೆಸುವ ಬಟ್ಟೆ ಮಾತ್ರ ಉಳಿಯುತ್ತಿತ್ತು.

೩. ಹಾರ್ನಿನಲ್ಲಿ ಮಣ್ಣು

ಇದು ಸಣ್ಣದು. ಒಂದು ಸಂತೆಯ ದಿನ ಕುಂದಗೋಳದ ಪೇಟೆಯಲ್ಲಿ ಹಾರ್ನ್ ಒತ್ತಿದರೆ ಕೆಮ್ಮಿದ ಹಾಗೆ ಒಂದು ಶಬ್ದ ಬಂದು ನಿಂತಿತು. ಕಣಜದ ಹುಳವೊಂದು ಹಾರ್ನಿನ ಬಾಯಿಯಲ್ಲಿ ಮಣ್ಣಿನ ಗೂಡು ಕಟ್ಟಿತ್ತು. ಕಣಜದ ಗೂಡು ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿ, ಅಲ್ಲೇ ಕೆರೆದು ತೆಗೆಯುವಂಥದ್ದಲ್ಲ. ಹಾಗಾಗಿ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ “ಸರೀರಿ, ಸರೀರಿ” ಎಂದು ಕೂಗುತ್ತ ಗಾಡಿ ಬಿಟ್ಟೆ. ಮೆಣಸಿನಕಾಯಿ ಮಾರುವ ಒಬ್ಬ ಮುದುಕಿ ದಾರಿ ಬಿಡದೆ ಕೇಳಿದಳು: “ಇಷ್ಟ ದೊಡ್ಡ ಗಾಡಿ ಅದ, ಒಂದ ಗೆಜ್ಜಿಸರ ಕಟ್ಟಾಕ ಬರೂದಿಲ್ಲೇನೋ ನಿಮಗ?”

ಮಾತು ಸರಿ ಅನ್ನಿಸಿತು. ಗೂಡು ತೆಗೆಸುವವರೆಗೆ ಎತ್ತಿನ ಗೆಜ್ಜೆಸರವನ್ನೇ ಮುಂದಿನ ಬಂಪರಿಗೆ ಕಟ್ಟಿದೆ. ಹಾರ್ನಿಗೆ ತಿರುಗಿಯೂ ನೋಡದ ಮಂದಿ ಗೆಜ್ಜೆ ಕೇಳಿದ ಕೂಡಲೇ ಪಟ್ಟನೆ ಸರಿಯುತ್ತಿದ್ದರು. ಒಂದೇ ತೊಂದರೆ, ಎತ್ತಿನ ಗಾಡಿ ಹೊಡೆಯುವವರೆಲ್ಲ ನಮ್ಮ ಜೊತೆ ಓಟಕ್ಕೆ ಬೀಳುತ್ತಿದ್ದರು, ಮತ್ತು ಏರಿನಲ್ಲಿ ಗೆಲ್ಲುತ್ತಿದ್ದರು.

೪. ಇಲಿವಾರ

ಕೊನೆಗೆ ಬಂದದ್ದು ಇಲಿ. ಇಲಿಯ ಗುರುತು ಮೂರು: ಡಿಕ್ಕಿಯಲ್ಲಿ ಶೇಂಗಾದ ಸಿಪ್ಪೆ, ಸೀಟಿನ ಅಡಿಯಲ್ಲಿ ಕರಿಜೀರಿಗೆಯಂಥ ಹಿಕ್ಕೆ, ಆಮೇಲೆ ಬಲಕ್ಕೆ ತಿರುಗುವಾಗ ದೀಪ ಹತ್ತದಿರುವುದು. ಏಕೆಂದರೆ ಅದು ವೈರನ್ನೂ ಕಡಿಯುತ್ತದೆ. ಮೂರು ವಾರ ಬೋನು ಇಟ್ಟೆ. ಒಣಕೊಬ್ಬರಿ ಇಟ್ಟೆ, ಸುಟ್ಟ ರೊಟ್ಟಿ ಇಟ್ಟೆ, ಕರದಂಟಿನ ಚೂರು ಇಟ್ಟೆ. ಎಲ್ಲ ತಿಂದು ಹೋಗುತ್ತಿತ್ತು, ಬೀಳುತ್ತಿರಲಿಲ್ಲ.

ಒಂದು ಮುಂಜಾನೆ ಬಿತ್ತು. ಗೇಣುದ್ದದ ಇಲಿ, ಮೀಸೆಯೊಂದೇ ಎರಡು ಬೆರಳಿನಷ್ಟು. ಬೋನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. “ಸಾವಕಾರ್ರ, ಸಿಕ್ಕೇತ್ರಿ.”

ಅವರೂ ಬಂದರು, ನಕ್ಕರು. ಆಗ ಒಳಗಿನಿಂದ ಅವ್ವಾರ ಧ್ವನಿ: “ಇವತ್ತೇನು ವಾರ ಗೊತ್ತೈತೇನು?”

ಇಬ್ಬರ ನಗೆಯೂ ನಿಂತಿತು. ನಮ್ಮ ಕಡೆ ಗಣೇಶ ಚೌತಿಯ ಮರುದಿನವನ್ನು ಇಲಿವಾರ ಎನ್ನುತ್ತೇವೆ. ಅಂದು ಇಲಿಗೆ ನೈವೇದ್ಯ ತೋರಿಸುತ್ತಾರೆ, ಬಟ್ಟೆ ಕತ್ತರಿಸುವುದಿಲ್ಲ. ಇಲಿಯನ್ನು ಹಿಡಿಯುವ, ಹೊಡೆಯುವ ಮಾತಂತೂ ಇಲ್ಲವೇ ಇಲ್ಲ. ನಾನು ಗಣಪತಿ ಕೂರಿಸುವ ಗದ್ದಲದಲ್ಲಿ ಬೋನು ಮುಚ್ಚುವುದನ್ನೇ ಮರೆತಿದ್ದೆ.

“ಅವ್ವಾ, ಇದೊಂದ ಇಲಿ ಹಿಡ್ಯಾಕ ಇಂವ ಮೂರ ವಾರ ಒದ್ದಾಡ್ಯಾನ” ಎಂದರು ಸಾಹುಕಾರರು.

“ನಾವು ಗ್ವಾಡಿ ಮ್ಯಾಲೆ ಇಲಿ ಬರದು ಕೈ ಮುಗಿಯೂ ದಿನಾ, ಅದು ತಾನ ನಡದು ಮನೀಗೆ ಬಂದೈತಿ. ಪಾಟ ಹಾಕ್ರಿ.”

ಪಾಟ ಎಂದರೆ ಊಟಕ್ಕೆ ಕೂರುವ ಮಣೆ. ಹಾಕಿದೆವು. ಅದರ ಮೇಲೆ ಬೋನು ಇಟ್ಟು, ಬಾಗಿಲು ತೆಗೆದು, ಎದುರಿಗೆ ಎರಡು ಕಡಬು, ತುಪ್ಪ. ಇಲಿ ನಮ್ಮ ಮೂವರನ್ನೂ ನೋಡಿತು, ಹೊರಗೆ ಬಂದಿತು, ಒಂದು ಕಡಬು ಪೂರ್ತಿ ತಿಂದಿತು. ಆಮೇಲೆ ಅವಸರವಿಲ್ಲದೆ ಅಂಗಳ ದಾಟಿ, ಎತ್ತುಗಳ ಮುಂದೆ ಹಾದು, ಎಮ್ಮೆಯ ಕಾಲು ಸುತ್ತಿ, ಕಾರಿನ ಗಾಲಿ ಹತ್ತಿ ಒಳಗೆ ಹೋಯಿತು.

“ನೋಡ್ರಿ, ಉಂಡು ಸೀದಾ ತನ್ನ ಮನೀಗೆ ಹೋತು” ಎಂದು ಅವ್ವಾರು ಉಳಿದ ಕಡಬನ್ನು ನನ್ನ ಕೈಗೆ ಕೊಟ್ಟರು. “ಇದನ್ನ ಅದಕ್ಕ ಕೊಟ್ಟು ಬಾ.”

೫. ಮನೆ ನೋಡಲು ಬಂದವರು

ದಸರಾ ಮುಗಿಯಿತು. ಇಲಿ ಆಮೇಲೆ ಬೋನಿನ ಕಡೆ ತಿರುಗಿಯೂ ನೋಡಲಿಲ್ಲ, ಕಡಬಿನ ರುಚಿ ಹತ್ತಿತ್ತೋ ಏನೋ. ದೀಪಾವಳಿಗೆ ಎಂಟು ದಿನ ಉಳಿದಾಗ ಹುಡುಗಿಯ ತಂದೆ ಅಣ್ಣಿಗೇರಿಯಿಂದ ನಮ್ಮ ಮನೆ ನೋಡಲು ಬಂದರು. ಹೆಣ್ಣು ಕೊಡುವ ಮೊದಲು ವರನ ಮನೆ ನೋಡುವುದು ನಮ್ಮಲ್ಲಿ ಪದ್ಧತಿ. ಒಕ್ಕಲುತನದ ಮನುಷ್ಯ, ದೊಡ್ಡ ಕೈ, ಕಡಿಮೆ ಮಾತು, ಮಡಿ ಮಾಡಿದ ಬಿಳಿ ಧೋತರ. ನಮ್ಮ ಎರಡು ಖೋಲಿ ನೋಡಿ ಮುಗಿಸಿ ನೇರವಾಗಿ ಕೇಳಿದರು: “ಗಾಡಿ ಮಾರತಾರಂತ ಸುದ್ದಿ ಐತಿ. ಗಾಡಿ ಹೋದ್ರ ನೀ ಏನ ಮಾಡಾಂವ?”

ಅವರನ್ನು ಚಹಾಕ್ಕೆ ಕೂರಿಸಿ ಸಾಹುಕಾರರ ಮನೆಗೆ ಓಡಿದೆ. ಅದನ್ನು ಸಾಹುಕಾರರಿಗೆ ಹೇಳಿದೆ. ಅವರು ಕಠಿಣ ಮಾತಿನವರಾದರೂ ಮನಸ್ಸು ಮೆತ್ತಗೆ. “ನಡಿ, ಅವರನ್ನ ನಾವ ಊರಿಗೆ ಮುಟ್ಟಸೂಣು. ನಾನೂ ಬರತೇನಿ. ಹಾದ್ಯಾಗ ನಿನ್ನ ಬಗ್ಗೆ ನಾಕ ಮಾತು ಹೇಳತೇನಿ” ಎಂದರು.

ಸಾಹುಕಾರರೂ ಹುಡುಗಿಯ ತಂದೆಯೂ, ಅಂದರೆ ನಾಳಿನ ಬೀಗರೂ, ಹಿಂದೆ ಕೂತರು. ಹುಬ್ಬಳ್ಳಿ ದಾಟಿತು, ಎಲ್ಲ ಸುಸೂತ್ರ. ಅಣ್ಣಿಗೇರಿ ಇನ್ನು ಎರಡು ಹರದಾರಿ, ಅಂದರೆ ಆರು ಮೈಲು ಇರುವಾಗ ನಾನು ಮೇಲಿನ ಕನ್ನಡಿಯಲ್ಲಿ ನೋಡಿದೆ. ಸೀಟಿನ ಸಂದಿನಿಂದ ಮೀಸೆ ಹೊರಗೆ ಬಂದಿತ್ತು. ಆಮೇಲೆ ಇಲಿ ಬಂತು. ಆಮೇಲೆ ಅದು ಬೀಗರ ಧೋತರದೊಳಗೆ ಹೋಯಿತು.

ಬೀಗರ ಕಣ್ಣು ದೊಡ್ಡವಾದವು. ಬಲಗೈ ಮೆಲ್ಲಗೆ ಎತ್ತಿ, ಮೊಣಕಾಲಿನ ಮೇಲೆ ಧೋತರದ ಸಮೇತ ಗಪ್ಪನೆ ಹಿಡಿದರು. ಮುಷ್ಟಿಯ ಕೆಳಗೆ ಬಾಲ ಅಲ್ಲಾಡುತ್ತಿತ್ತು.

ಅದನ್ನು ಸಾಹುಕಾರರೂ ನೋಡಿದರು. ಅವರ ಸ್ಥಿತಿ ಯೋಚಿಸಿ. ತಮ್ಮ ಗಾಡಿಯಲ್ಲಿ ಇಲಿ ಇದೆ ಎಂದು ತಾವೇ ಹೇಗೆ ಹೇಳುವುದು? ಬೀಗರದೂ ಅದೇ. ಇಷ್ಟು ಗೌರವದಿಂದ ಕಾರಿನಲ್ಲಿ ಕರೆತಂದವರಿಗೆ ನಿಮ್ಮ ಗಾಡಿಯಲ್ಲಿ ಇಲಿ ಇದೆ ಎಂದು ಹೇಗೆ ಹೇಳುವುದು? ನಾನಂತೂ ಹೇಳುವ ಹಾಗೇ ಇರಲಿಲ್ಲ. ಇಲಿ ಹೊರಗೆ ಬಂದರೆ ಕಾರು ಹೋಗುತ್ತದೆ, ಕಾರು ಹೋದರೆ ಹುಡುಗಿ ಹೋಗುತ್ತಾಳೆ.

ಸಾಹುಕಾರರು ಕಿಟಕಿಯ ಕಡೆ ಮುಖ ತಿರುಗಿಸಿ, “ನಿಮ್ಮ ಕಡೆ ಕಡ್ಲಿ ಬಿತ್ತಿದ್ರೇನ್ರಿ?” ಎಂದರು.

“ಬಿತ್ತೇವ್ರಿ” ಎಂದರು ಬೀಗರು, ಹಲ್ಲು ಕಚ್ಚಿ.

“ಹಸಿ ಹ್ಯಾಂಗೈತ್ರಿ ಭೂಮ್ಯಾಗ?”

“ಐತ್ರಿ. ಅಲ್ಲಾಡಾಕತ್ತೈತ್ರಿ.”

“ಯಾವುದ್ರಿ?”

“ಗಾಡಿ” ಎಂದರು ಬೀಗರು. “ರಸ್ತಾ ಸರಿ ಇಲ್ಲರಿ.”

ಆರು ಮೈಲು ಆ ಮುಷ್ಟಿ ಸಡಿಲವಾಗಲಿಲ್ಲ. ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಬೀಗರು ಮೊಣಕಾಲು ಹಿಡಿದುಕೊಂಡೇ ಬಾಗಿ ಇಳಿದರು. ಅವರ ಹೆಂಡತಿ ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ಹಿಡಿದು ಬಂದವರು ಗಾಬರಿಯಾದರು. “ಅಯ್ಯ, ಕಾಲಿಗೇನಾತ್ರಿ?”

“ಹಿತ್ತಲ ಬಾಗಲಾ ತಗಿ.”

“ಬೆಲ್ಲಾ ನೀರು…”

“ಮೊದಲ ಹಿತ್ತಲ ಬಾಗಲಾ ತಗಿ ಅಂದೆ.”

ಕುಂಟುತ್ತ ಒಳಗೆ ಹೋದರು. ಹಿತ್ತಲಲ್ಲಿ ಕೋಳಿಗಳು ಒಮ್ಮೆ ಜೋರಾಗಿ ಕೂಗಿ ಸುಮ್ಮನಾದವು. ಸ್ವಲ್ಪ ಹೊತ್ತಿಗೆ ಬೀಗರು ಎರಡೂ ಕಾಲಿನ ಮೇಲೆ ನೆಟ್ಟಗೆ ನಡೆದು ಬಂದರು, ಕೈ ತೊಳೆದರು, ಕಂಬಳಿಯ ಮೇಲೆ ಕೂತು ಬೆಲ್ಲ ಬಾಯಿಗೆ ಹಾಕಿಕೊಂಡರು. ಬಾಗಿಲ ಸಂದಿನಲ್ಲಿ ಹುಡುಗಿ ನಿಂತಿದ್ದಳು. ನಾನು ನೆಲ ನೋಡುತ್ತಿದ್ದೆ.

ಸಾಹುಕಾರರು ಗಂಟಲು ಸರಿ ಮಾಡಿಕೊಂಡರು. “ಗಾಡಿ ಮಾರೂ ಸುದ್ದಿ ಕೇಳಿದ್ರಂತಲ್ಲರಿ. ಅದರಾಗ ಏನೇನೋ ಸೇರಕೊಂಡಿತ್ತು, ಅದಕ್ಕ ಸಿಟ್ಟಿನ್ಯಾಗ ಅಂದಿದ್ದೆ. ಈಗ ಏನೂ ಇಲ್ಲ. ಮತ್ಯಾಕ ಮಾರಲಿ?”

“ಇಲ್ಲ ಬಿಡ್ರಿ” ಎಂದರು ಬೀಗರು. “ನಾ ಖಾತ್ರಿ ಮಾಡಕೊಂಡೇನಿ.”

“ಹಂಗಾರ ಹೆಣ್ಣು?”

“ಕೊಟ್ಟೇವ್ರಿ.”

ಸಾಹುಕಾರರು ಉತ್ಸಾಹದಿಂದ ಮುಂದೆ ಸರಿದರು. “ಮತ್ತ ಗಂಡಿನ ಕಡಿಯಿಂದ ನಿಮಗ ಏನೇನ ಬರಬೇಕು ಹೇಳ್ರಿ. ಇಂವಗ ಹಿರೇರಿಲ್ಲ, ನಾನ ನಿಂತು ಕಳಸತೇನಿ.”

ಬೀಗರು ಧೋತರದ ಮೊಣಕಾಲಿನ ಸುಕ್ಕನ್ನು ಅಂಗೈಯಿಂದ ನಿಧಾನ ಸರಿ ಮಾಡಿದರು.

“ಏನೂ ಬ್ಯಾಡ್ರಿ” ಎಂದರು. “ಬರೂದು ಬಂದು ಮುಟ್ಟೇತಿ.”