ಸುಬ್ಬಮ್ಮನ ಹಸಿರು ಜರಿ

ಮೂರನೇ ಮಹಡಿ ಎದ್ದಾಗಿನಿಂದ ಮುನಿಶಾಮಪ್ಪನಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಬಾಡಿಗೆಯ ಆಸೆಗೆ ಕಟ್ಟಿಸಿದ ಆ ಮಹಡಿ ಹಿತ್ತಲಿನ ಬಿಸಿಲನ್ನೆಲ್ಲ ನುಂಗಿ, ಹೆಂಡತಿ ಸುಬ್ಬಮ್ಮನ ಕನಕಾಂಬರ ಸೊರಗಿ ಸತ್ತಿತ್ತು. ಅಂದಿನಿಂದ ಆಯಮ್ಮನದು ಘನಘೋರ ಮೌನವ್ರತ. ಭಾನುವಾರವೋ ಮುನಿಶಾಮಪ್ಪನ ತಮ್ಮನ ಮಗಳ ಮದುವೆ. (ದೊಡ್ಡಮ್ಮನೇ ಮುಖ ಊದಿಸಿಕೊಂಡು ಕೂತರೆ ಶೆಟ್ಟಿಹಳ್ಳಿಯ ನೆಂಟರು ಸುಮ್ಮನೆ ಬಿಟ್ಟಾರೆಯೇ?)

ಸಹಕಾರನಗರದ ನರ್ಸರಿಯವನು ಮದ್ದು ಹೇಳಿದ: ಜರಿಗಿಡ, ಅಂದರೆ ಫರ್ನ್. ನೆರಳಲ್ಲೇ ಸೊಂಪಾಗಿ ಬೆಳೆಯುತ್ತದೆ, ಯಾವುದಕ್ಕೂ ಜಗ್ಗದ ಗಟ್ಟಿ ಜೀವ. ಮುನಿಶಾಮಪ್ಪ ಮನೆ ಮುಟ್ಟುವವರೆಗೂ ತಡೆಯಲಾರದೆ ಅಲ್ಲಿಂದಲೇ ಫೋನ್ ಮಾಡಿದ.

“ಸುಬ್ಬೀ, ನಿಂಗೆ ಜರಿ ತಗೊಂಡೆ ಕಣೇ! ಅಸ್ರುದು!”

ಮೌನವ್ರತ ಠುಸ್ಸೆಂದಿತು. “ನಿಜ್ವಾ? ಅಂಚು ಎಂಗೈತೆ?”

“ಅಂಚೆಲ್ಲಾ ಕುಚ್ಚು ಕುಚ್ಚು!”

“ಬಣ್ಣ ಓಗಲ್ಲ ತಾನೇ?”

“ಬಿಸ್ಲಿಗೆ ಆಕ್ಬಾರ್ದಂತೆ. ನೆಳ್ಳಾಗಿಟ್ರೆ ವರ್ಸಾನುಗಟ್ಲೆ ಇಂಗೇ ಇರ್ತದಂತೆ.”

“ಅಷ್ಟೂ ಗೊತ್ತಿಲ್ವಾ ನಂಗೆ? ಬೇಗ ಬನ್ನಿ!” ಸುಬ್ಬಮ್ಮ ಕಿಲಕಿಲ ನಕ್ಕಳು.

ಅವಳು ನಕ್ಕಿದ್ದು ಕೇಳಿ ಎಷ್ಟು ಕಾಲವಾಗಿತ್ತೋ! ಮುನಿಶಾಮಪ್ಪನ ಕಣ್ಣು ಒದ್ದೆಯಾಯಿತು. ಕುಂಡವನ್ನು ಅಪ್ಪಿಕೊಂಡು ಆಟೊ ಹತ್ತಿದ.

ಬಾಗಿಲಲ್ಲಿ ಸುಬ್ಬಮ್ಮ ತಲೆ ಬಾಚಿ, ಕುಂಕುಮ ಇಟ್ಟು ನಿಂತಿದ್ದಳು. ಪಕ್ಕದಲ್ಲೇ, ಸೀರೆಗೆ ಫಾಲ್ ಹಚ್ಚಲು ಸೂಜಿದಾರ ಹಿಡಿದ ಮೇಲಿನ ಮನೆಯ ಟೈಲರ್ ಅಕ್ಬರಿ.

“ಎಲ್ರೀ ಸೀರೆ?”

“ಯಾವ ಸೀರೆ? ಇದೇ ಕಣೇ ಜರಿ!”

ಅಕ್ಬರಿ ಎಲೆ ಮುಟ್ಟಿ ನೋಡಿದಳು. “ಯಾ ಅಲ್ಲಾ! ಇದಕ್ಕೆ ಫಾಲ್ ಎಲ್ಲಿ ಹಚ್ಲಿ ಯಜಮಾನ್ರೇ?”

ಸುಬ್ಬಮ್ಮ ಗಂಡನನ್ನು ಜರಿಯಲಿಲ್ಲ. (ಜರಿದಿದ್ದರೆ ಎಷ್ಟೋ ವಾಸಿಯಿತ್ತು.) ಕುಂಡ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಮುನಿಶಾಮಪ್ಪ ಮುಂಚೆಯೇ ಛತ್ರಕ್ಕೆ ಹೋಗಿ, ‘ಬರುತ್ತಾಳೋ ಇಲ್ಲವೋ’ ಎಂದು ಬಾಗಿಲಿಗೂ ಬೀದಿಗೂ ಅಂಗಾಲು ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದ. ಕೊನೆಗೂ ಸುಬ್ಬಮ್ಮ ಬಂದಳು. ಮಾಸಲು ನೂಲಿನ ಸೀರೆ. ಅದರ ಸೆರಗಿನುದ್ದಕ್ಕೂ ಅಕ್ಬರಿಯ ಕೈಯಲ್ಲಿ ಅಚ್ಚುಕಟ್ಟಾಗಿ ಹೊಲಿಸಿದ ಜರಿಗಿಡದ ಎಲೆಗಳು!

“ಇದೇನಕ್ಕಾ ಇದು?” ವಾರಗಿತ್ತಿ ಬಾಯಿ ಬಿಟ್ಟಳು.

“ನಮ್ಮನೆಯೋರು ತಂದ ಜರಿ,” ಎಂದಳು ಸುಬ್ಬಮ್ಮ, ಓಲಗದವರಿಗೂ ಕೇಳುವಂತೆ. “ನೀರಾಕ್ತಾ ಇದ್ರೆ ಇನ್ನೂ ಉದ್ದ ಬೆಳೀತದಂತೆ.”

ಛತ್ರಕ್ಕೆ ಛತ್ರವೇ ನಕ್ಕಿತು. ಮುನಿಶಾಮಪ್ಪ ಚಪ್ಪಲಿ ಹುಡುಕಲೂ ನಿಲ್ಲದೆ ಬರಿಗಾಲಲ್ಲೇ ಸೀರೆ ಅಂಗಡಿಯತ್ತ ಓಟ ಕಿತ್ತ.

“ರೀ!” ಹಿಂದಿನಿಂದ ಹೆಂಡತಿ ಕೂಗಿದಳು. “ಈ ಸಲ ಬೇರಿಲ್ದಿರೋದು ತನ್ನಿ!”