ನಾನೇ ಹೇಳಿಕೊಟ್ಟ ಹದಿನಾಲ್ಕು ದೋಷಗಳು

"ಈ ತಿಂಗಳು ಮುಗಿಯೋದ್ರೊಳಗೆ ಎರಡರಲ್ಲಿ ಒಂದು ಈ ಮನೆಯಿಂದ ಆಚೆ ಹೋಗ್ಬೇಕು" ಎಂದಳು ನನ್ನ ಹೆಂಡತಿ. ಯಾವ ಎರಡು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವಳ ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಅದರ ಮೊನೆ ಒಮ್ಮೆ ನನ್ನ ಮೋಟಾರ್ ಸೈಕಲ್ಲಿನ ಕಡೆಗೆ, ಒಮ್ಮೆ ನನ್ನ ಕಡೆಗೆ ತಿರುಗುತ್ತಿತ್ತು. ನನ್ನ ಕಡೆ ತಿರುಗಿದಾಗ ತುಸು ಹೆಚ್ಚು ಹೊತ್ತು ನಿಲ್ಲುತ್ತಿತ್ತು ಎಂದು ನನಗೆ ಅನುಮಾನ.

ಅವಳ ಕಡೆಯ ನ್ಯಾಯವನ್ನೂ ಹೇಳಿಬಿಡುತ್ತೇನೆ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಒಂದು ಇಡೀ ಶಾಲೆಯ ಸಮವಸ್ತ್ರದ ಕೆಲಸ ಸಿಕ್ಕಿತ್ತು. ಅಷ್ಟು ಬಟ್ಟೆ ಹರಡಿ ಕತ್ತರಿಸಲು ದೊಡ್ಡ ಮೇಜು ಬೇಕು, ಮೇಜಿಗೆ ಜಾಗ ಬೇಕು, ಜಾಗವಿರುವುದು ಮುಂದಿನ ಕೋಣೆಯಲ್ಲಿ ಮಾತ್ರ. ಅಲ್ಲಿ ನನ್ನ ಗಾಡಿ ನಿಂತಿದೆ. ಅದು ಅಂಗಡಿಗೆ ಹೋಗಿ ಬರುವ ಬಡಪಾಯಿ ಬೈಕಲ್ಲ, ದೂರದ ಊರುಗಳನ್ನು ಸುತ್ತಲೆಂದೇ ಹುಟ್ಟಿದ ಗಾಡಿ. ಎಡಕ್ಕೊಂದು, ಬಲಕ್ಕೊಂದು, ಹಿಂದಕ್ಕೊಂದು ಪೆಟ್ಟಿಗೆ. ಮುಂದೆ ಗಾಳಿ ತಡೆಯುವ ಗಾಜು. ನಾನು ಅದನ್ನು ರಥ ಎನ್ನುತ್ತೇನೆ, ಅವಳು ಎಮ್ಮೆ ಎನ್ನುತ್ತಾಳೆ. (ನಮ್ಮ ಮನೆಗೆ ಬಂದವರು ಅದರ ಪಕ್ಕದಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆದು ಒಳಗೆ ಬರಬೇಕು ಎಂಬುದು ನಿಜ. ಆದರೆ ಅಡ್ಡ ನಡೆದು ಇದುವರೆಗೆ ಯಾರೂ ಸತ್ತಿಲ್ಲ.)

ಹನ್ನೊಂದು ವರ್ಷ ಆ ರಥದ ಮೇಲೆ ನಾವಿಬ್ಬರೂ ಎಷ್ಟು ಊರು ನೋಡಿಲ್ಲ! ಅದನ್ನು ಮಾರುವುದೆಂದರೆ ನನ್ನ ಕರುಳನ್ನೇ ಕಿತ್ತು ಕೊಟ್ಟ ಹಾಗೆ. ಮಾರುವುದಿಲ್ಲ ಎಂದರೆ ಮನೆಯಲ್ಲಿ ಯುದ್ಧ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಒಂದು ದಿವ್ಯವಾದ ಉಪಾಯ ಹೊಳೆಯಿತು. ಮಾರುತ್ತೇನೆ ಎಂದು ಎಲ್ಲರಿಗೂ ಹೇಳುವುದು, ಕೊಳ್ಳಲು ಬಂದವರಿಗೆ ಹಳೆಯ ಗಾಡಿ ಕೊಳ್ಳುವಾಗ ಏನೇನು ಪರೀಕ್ಷಿಸಬೇಕು ಎಂಬುದನ್ನು ನಾನೇ ಹೇಳಿಕೊಡುವುದು. ಅದೂ ಎಷ್ಟು ಚೆನ್ನಾಗಿ ಹೇಳಿಕೊಡಬೇಕೆಂದರೆ, ಅವರು ಮತ್ತೆ ನಮ್ಮ ಬೀದಿಗೇ ಕಾಲಿಡಬಾರದು. ನನ್ನದು ಗಡಿಯಾರ ರಿಪೇರಿ ಅಂಗಡಿ. ಕೂದಲೆಳೆಯಷ್ಟು ದೋಷವನ್ನೂ ಕಂಡುಹಿಡಿಯುವವನು ಎಂದು ಊರಿಗೆಲ್ಲ ಗೊತ್ತು. ನನ್ನ ಮಾತನ್ನು ಅನುಮಾನಿಸುವವರು ಯಾರಿದ್ದಾರೆ?

ಮೊದಲು ಬಂದವನು ಒಬ್ಬ ಬ್ಯಾಂಕ್ ಗುಮಾಸ್ತ.

"ಎಂಜಿನ್ ಮೇಲೆ ಕೈ ಇಟ್ಟು ನೋಡಿ" ಎಂದೆ ಗುರುವಿನ ಗತ್ತಿನಲ್ಲಿ. "ಬಿಸಿ ಇದ್ರೆ ಮಾರೋನು ಮೊದಲೇ ಸ್ಟಾರ್ಟ್ ಮಾಡಿಟ್ಟಿದಾನೆ ಅಂತ ಅರ್ಥ. ತಣ್ಣಗಿದ್ದಾಗ ಗಾಡಿ ಎದ್ದೇಳಲ್ಲ ಅನ್ನೋದನ್ನ ಮುಚ್ಚಿಡೋ ಆಟ ಅದು."

ಅವನು ಕೈಯಿಟ್ಟ. ಎಂಜಿನ್ ಮಡಕೆಯ ನೀರಿನಷ್ಟು ತಣ್ಣಗಿತ್ತು. ಗುಂಡಿ ಒತ್ತಿದ. ದರಿದ್ರದ್ದು ಒಂದೇ ಸಲಕ್ಕೆ ಎದ್ದು, ಹೆಸರು ಕರೆದ ವಿದ್ಯಾರ್ಥಿಯ ಹಾಗೆ ಗಟ್ಟಿಯಾಗಿ ಉತ್ತರ ಕೊಟ್ಟಿತು. ಗುಮಾಸ್ತನ ಮುಖ ಅರಳಿತು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ! ಆಮೇಲೆ ಚೈನು, ಅದರ ಹಲ್ಲಿನ ಚಕ್ರ, ಟೈರಿನ ಮೇಲೆ ಅಚ್ಚಾದ ತಯಾರಿಕೆಯ ವಾರ, ಹ್ಯಾಂಡಲ್ಲಿನ ತುದಿಯ ಗೀರು (ಗೀರಿದ್ದರೆ ಗಾಡಿ ಬಿದ್ದಿದೆ ಎಂದರ್ಥ), ಒಂದೊಂದಕ್ಕೂ ಒಂದೊಂದು ರೋಗದ ಹೆಸರು ಹೇಳಿ, ಅವನು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಡುವಷ್ಟರಲ್ಲಿ ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು!

ಎರಡನೆಯವರು ಬರುವ ಹೊತ್ತಿಗೆ ನಾನು ಪಳಗಿದ್ದೆ. ಅವರು ಬರುವ ಹತ್ತು ನಿಮಿಷ ಮೊದಲೇ ಎಂಜಿನ್ ಓಡಿಸಿ ಬಿಸಿ ಮಾಡಿಟ್ಟೆ. ಹೆಂಡತಿಯ ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿಯಿಂದ ನಾಲ್ಕು ಹನಿ ತೆಗೆದು ಮುಂದಿನ ಚಕ್ರ ಹಿಡಿದುಕೊಂಡಿರುವ ಫೋರ್ಕಿನ ಮೇಲೆ ಸವರಿ, ಎಣ್ಣೆ ಸೋರುತ್ತಿದೆ ಎಂದು ಕಾಣುವ ಹಾಗೆ ಮಾಡಿದೆ. ಬಂದವರು ಒಬ್ಬ ಯುವಕ, ಅವನ ಹೆಂಡತಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಯುವಕ ನನ್ನನ್ನು ಸರ್ ಎಂದ. ಅವಳು ಅಂಕಲ್ ಎಂದಳು. (ಅಲ್ಲೇ ಗಾಡಿ ಕೊಡಬಾರದೆಂದು ಎರಡನೆಯ ಸಲ ತೀರ್ಮಾನಿಸಿದೆ.)

ಇಬ್ಬರೂ ಭಾರಿ ಗಟ್ಟಿ ಆಸಾಮಿಗಳು. ಎಂಜಿನ್ ಬಿಸಿ ಇದೆ ಎಂದರೆ "ಸೆಕೆಗೆ ಇರಬೇಕು ಬಿಡಿ ಸರ್" ಎಂದ. ಫೋರ್ಕಿನಲ್ಲಿ ಎಣ್ಣೆ ಎಂದರೆ "ಸೀಲ್ ಹಾಕಿಸ್ಕೊಂಡ್ರೆ ಆಯ್ತು" ಎಂದ. ಬ್ರೇಕು, ಬೇರಿಂಗು, ಬ್ಯಾಟರಿ, ಕೊನೆಗೆ ಹಾರ್ನಿಗೆ ಕೂಡ ಕೆಮ್ಮು ಬಂದಿದೆ ಎಂದೆ. "ಎಲ್ಲ ಮಾಡಿಸ್ಕೊಳ್ತೀವಿ ಸರ್. ನಾಳೆ ಬೆಳಿಗ್ಗೆನೇ ಪೆಟ್ಟಿಗೆ ತುಂಬಿಸ್ಕೊಂಡು ಬೆಟ್ಟದ ಕಡೆ ಹೊರಡ್ಬೇಕು ಅಂತಿದೀವಿ" ಎಂದು ಹುಡುಗ ಕೀಲಿಗೆ ಕೈ ಚಾಚಿದ. ಹುಡುಗಿ ಆಗಲೇ ಹಿಂದಿನ ಸೀಟಿನ ಮೇಲೆ ಹತ್ತಿ ಕೂತು ಕಾಲು ಆಡಿಸುತ್ತಿದ್ದಳು.

ಇನ್ನು ಬ್ರಹ್ಮಾಸ್ತ್ರವೇ ಗತಿ.

"ಒಂದು ವಿಷಯ ಹೇಳ್ಬಾರದು ಅಂದ್ಕೊಂಡಿದ್ದೆ" ಎಂದು ದನಿ ತಗ್ಗಿಸಿದೆ. "ಇಂಥ ಗಾಡಿಗಳಲ್ಲಿ ಎಲ್ಲಕ್ಕಿಂತ ಮೊದಲು ನೋಡ್ಬೇಕಾದ್ದು ಸೀಟಿನ ಕೆಳಗಿನ ಫ್ರೇಮು. ವರ್ಷಗಟ್ಟಲೆ ಪೆಟ್ಟಿಗೆಯ ಭಾರ ಹೊತ್ತು ಹೊತ್ತು ಅದು ಬಿರುಕು ಬಿಡುತ್ತೆ. ಬಣ್ಣದ ಅಡಿಯಲ್ಲಿ ಇರೋದ್ರಿಂದ ಕಾಣ್ಸಲ್ಲ. ಇದರಲ್ಲೂ ಎಡಗಡೆ ಬಿಟ್ಟಿದೆ. ಒಂದಿನ ಇಳಿಜಾರಲ್ಲಿ ಮುಂದೆ ಕೂತವರು ಮುಂದೆ ಹೋಗ್ತಾರೆ, ಹಿಂದೆ ಕೂತವರು ಹಿಂದೇನೇ ಉಳೀತಾರೆ."

ಹುಡುಗಿ ಸೀಟಿನಿಂದ ಇಳಿದಂಥ ವೇಗವನ್ನು ನಾನು ನನ್ನ ಜೀವನದಲ್ಲಿ ಬೇರೆಲ್ಲೂ ಕಂಡಿಲ್ಲ. ಗಂಡನ ತೋಳು ಹಿಡಿದು ಎಳೆದುಕೊಂಡೇ ಹೋದಳು. ಹುಡುಗ ಮಾತ್ರ ಬಾಗಿಲಲ್ಲಿ ನಿಂತು ನನ್ನ ಎರಡೂ ಕೈ ಹಿಡಿದು, "ಥ್ಯಾಂಕ್ಸ್ ಸರ್" ಎಂದು ಹೇಳಿ ಹೋದ. ನಾನು ಗೆದ್ದೆನೆಂದು ಬೀಗುತ್ತ ರಥದ ಬೆನ್ನು ತಟ್ಟಿದೆ.

ಆಗ ಒಳಗಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಆ ಸದ್ದು ನಡೆಯುತ್ತಿರುವವರೆಗೆ ನಮ್ಮ ಸಂಸಾರ ಸುರಕ್ಷಿತ. ನಿಂತರೆ ಯಾರಿಗೋ ಕಾದಿದೆ ಎಂದೇ ಅರ್ಥ, ಮತ್ತು ಮನೆಯಲ್ಲಿರುವುದು ನಾವಿಬ್ಬರೇ.

ಅವಳು ಪರದೆ ಸರಿಸಿ ಬಂದಳು. ಕುತ್ತಿಗೆಯಲ್ಲಿ ಅಳತೆ ಪಟ್ಟಿ, ಕೈಯಲ್ಲಿ ಅಳತೆ ಬರೆದುಕೊಳ್ಳುವ ಪುಸ್ತಕ.

"ಒಂದು, ಬ್ರೇಕ್ ಸವೆದಿದೆ" ಎಂದು ಓದತೊಡಗಿದಳು. "ಎರಡು, ಹಿಂದಿನ ಚಕ್ರದ ಬೇರಿಂಗ್ ಹೋಗಿದೆ. ಮೂರು, ಟೈರು ಯಾವಾಗ ಬೇಕಾದ್ರೂ ಒಡೀಬಹುದು..." ಯಾರದೋ ಸೊಂಟದ ಸುತ್ತಳತೆಗೂ ಇನ್ಯಾರದೋ ತೋಳಿನ ಉದ್ದಕ್ಕೂ ನಡುವೆ ನನ್ನ ಮಾತೆಲ್ಲ ಅಚ್ಚುಕಟ್ಟಾಗಿ ದಾಖಲಾಗಿತ್ತು. "ಹದಿನಾಲ್ಕು, ಫ್ರೇಮು ಬಿರುಕು ಬಿಟ್ಟಿದೆ, ಹಿಂದೆ ಕೂತವರು ಹಿಂದೇನೇ ಉಳೀತಾರೆ." ಪುಸ್ತಕ ಮುಚ್ಚಿದಳು. "ರೀ, ಆ ಹಿಂದೆ ಕೂತವರು ಯಾರು?"

"ಯಾರೋ... ಸುಮ್ನೆ ಮಾತಿಗೆ..."

"ಹನ್ನೊಂದು ವರ್ಷದಿಂದ ಈ ಎಮ್ಮೆ ಮೇಲೆ ನಿಮ್ಮ ಹಿಂದೆ ಕೂತವರು ಯಾರು ಅಂತ ಕೇಳ್ದೆ!"

ಅತ್ತ ದರಿ, ಇತ್ತ ಪುಲಿ. ದೋಷಗಳು ನಿಜ ಎಂದರೆ ಕಟ್ಟಿಕೊಂಡ ಹೆಂಡತಿಯನ್ನು ಸಾವಿನ ಬಾಯಲ್ಲಿ ಕೂರಿಸಿಕೊಂಡು ಊರು ಸುತ್ತಿದ ಪಾಪಿ ನಾನು. ಸುಳ್ಳು ಎಂದರೆ ಮಾರಾಟ ಕೆಡಿಸಿದ ಕಳ್ಳ. ಕತ್ತರಿ ಎಲ್ಲಿದೆ ಎಂದು ಒಮ್ಮೆ ನೋಡಿಕೊಂಡು, ಕಳ್ಳನಾಗುವುದೇ ವಾಸಿ ಎಂದು ತೀರ್ಮಾನಿಸಿದೆ.

"ಎಲ್ಲ ಸುಳ್ಳು ಕಣೇ. ಗಾಡಿಗೆ ಏನೂ ಆಗಿಲ್ಲ. ಚಿನ್ನದಂಥ ಗಾಡಿ. ಕೊಡೋಕೆ ಮನಸ್ಸಾಗಲಿಲ್ಲ, ಅದಕ್ಕೆ..."

ಅವಳು ಕೂಗಾಡುತ್ತಾಳೆಂದುಕೊಂಡಿದ್ದೆ. ಕೂಗಾಡಲಿಲ್ಲ. ಅದು ಇನ್ನೂ ಅಪಾಯ.

"ಸರಿ. ಆ ಹುಡುಗಿಗೆ ನಾನೇ ಫೋನ್ ಮಾಡಿ ಗಾಡಿ ಚೆನ್ನಾಗಿದೆ ಅಂತ ಹೇಳ್ತೀನಿ. ಆದರೆ ಇನ್ನು ಈ ಮನೆಯವರ ಬಾಯಿ ಮಾತನ್ನ ಯಾರು ನಂಬ್ತಾರೆ? ಮೊದಲು ಡಾಕ್ಟ್ರು ಬಂದು ಹದಿನಾಲ್ಕನ್ನೂ ನೋಡಿ ಹೇಳ್ಲಿ."

ಡಾಕ್ಟ್ರು ಎಂದರೆ ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್. ಎಂಜಿನ್ನಿಗೆ ಕಿವಿಕೊಟ್ಟು ರೋಗ ಹೇಳುತ್ತಾನೆಂದು ಅವನಿಗೆ ಆ ಹೆಸರು. ಮರುದಿನ ಬೆಳಿಗ್ಗೆ ಬಂದ. ನನ್ನ ಹೆಂಡತಿ ಪುಸ್ತಕ ಹಿಡಿದು ಒಂದೊಂದೇ ಓದಿದಳು, ಅವನು ಒಂದೊಂದೇ ನೋಡಿ "ಇಲ್ಲ ಅಕ್ಕ, ಚೆನ್ನಾಗಿದೆ" ಎಂದ, ಅವಳು ಒಂದೊಂದೇ ಹೊಡೆದುಹಾಕಿದಳು. ಪ್ರತಿ ಗೆರೆಗೂ ನನ್ನ ಮಾನ ಒಂದಿಷ್ಟು ಹೋಗುತ್ತಿತ್ತು. ಫೋರ್ಕಿನ ಎಣ್ಣೆಯನ್ನು ಬೆರಳಲ್ಲಿ ಒರೆಸಿ ಮೂಸಿದ.

"ಇದು ಗಾಡಿದಲ್ಲ. ಹೊಲಿಗೆ ಮಿಷನ್ ಎಣ್ಣೆ."

ನನ್ನ ಕೈ ನನಗರಿವಿಲ್ಲದೆ ಅಂಗಿಗೆ ಉಜ್ಜಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಜಾತಿ ನನ್ನದು. "ಡಬ್ಬಿ ಯಾಕೆ ಇಷ್ಟು ಬೇಗ ಖಾಲಿಯಾಯ್ತು ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿ ಅವಳು ಮುಂದಕ್ಕೆ ಓದಿದಳು.

ಹದಿಮೂರು ಮುಗಿಯಿತು. "ಹದಿನಾಲ್ಕನೇದೂ ಹಾಗೇ, ಬಿಡು" ಎಂದೆ. ಅವಳು ಬಿಡಲಿಲ್ಲ. ಡಾಕ್ಟ್ರು ಪೆಟ್ಟಿಗೆಗಳನ್ನು ಇಳಿಸಿ, ಸೀಟು ಬಿಚ್ಚಿ, ಎಡಗಡೆಯ ಕಬ್ಬಿಣವನ್ನು ಚಿಂದಿ ಬಟ್ಟೆಯಿಂದ ಒರೆಸಿದ. ಉಗುರಿನಿಂದ ಕೆರೆದ. ಆಮೇಲೆ ನನ್ನ ಕಡೆ ಕೈ ಚಾಚಿ, "ಅಣ್ಣ, ನೀವು ಗಡಿಯಾರ ನೋಡೋ ಭೂತಗಾಜು ಕೊಡಿ" ಎಂದ.

ನಾನೇ ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದೆ. ಬಿರುಕು ಇತ್ತು. ಕಬ್ಬಿಣದ ಸುತ್ತ ಮುಕ್ಕಾಲು ಭಾಗ ಬಂದಿತ್ತು, ಕೊನೆಯ ಕಾಲು ಭಾಗದಲ್ಲಿ ಫ್ರೇಮು ಜೀವ ಹಿಡಿದುಕೊಂಡಿತ್ತು.

"ಇನ್ನೊಂದು ಸಲ ಭಾರ ಹೊತ್ತು ಬೆಟ್ಟ ಇಳಿದಿದ್ರೆ ಕಥೆ ಮುಗೀತಿತ್ತು" ಎಂದ ಡಾಕ್ಟ್ರು. "ಇದನ್ನ ಬಿಚ್ಚದೇನೇ ಹೇಗೆ ಕಂಡುಹಿಡಿದ್ರಿ ಅಣ್ಣ? ನಾನೂ ಇಷ್ಟು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ನನ್ನ ಕೈಲಾಗಲ್ಲ."

ಬೇರೆ ದಿನವಾಗಿದ್ದರೆ ಆ ಹೊಗಳಿಕೆಯನ್ನು ಎರಡೂ ಕೈಯಲ್ಲಿ ಬಾಚಿಕೊಳ್ಳುತ್ತಿದ್ದೆ. ಆದರೆ ಅವತ್ತು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನ್ನ ಸುಳ್ಳನ್ನು ಆ ಹುಡುಗಿ ನಂಬದೇ ಇದ್ದಿದ್ದರೆ, ಆ ಹೊತ್ತಿಗೆ ಅವಳು ಆ ಸೀಟಿನ ಮೇಲೆ ಕೂತು ಬೆಟ್ಟದ ದಾರಿಯಲ್ಲಿರುತ್ತಿದ್ದಳು. ಕಳೆದ ರಜೆಯಲ್ಲಿ ಅದೇ ಸೀಟಿನ ಮೇಲೆ ನನ್ನ ಹೆಂಡತಿ ಕೂತಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ಇಲ್ಲೇ ಇದ್ದಾಳೆ, ಪೆನ್ಸಿಲ್ ಕಚ್ಚಿಕೊಂಡು ನಿಂತಿದ್ದಾಳೆ ಎಂಬುದೇ ದೊಡ್ಡ ಸಮಾಧಾನವಾಯಿತು. ಕಣ್ಣಲ್ಲಿ ನೀರು ಬಂತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

"ಎಡಗಡೆ ಪೆಟ್ಟಿಗೇಲಿ ಏನು ಇಟ್ಕೊಳ್ತಿದ್ರಿ ಅಕ್ಕ, ಇಷ್ಟು ಭಾರ?" ಎಂದ ಡಾಕ್ಟ್ರು.

ಪ್ರತಿ ಪ್ರವಾಸಕ್ಕೂ "ನಿನ್ನ ಸೀರೆಗಳ ಭಾರಕ್ಕೇ ಗಾಡಿ ಕುಸಿಯುತ್ತೆ" ಎಂದು ಹೇಳುತ್ತ ಬಂದವನು ನಾನು. ಅವಳು ಎಡಗಡೆಯ ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗೆ ನನ್ನ ಸ್ಪ್ಯಾನರುಗಳು, ಸುತ್ತಿಗೆ, ಎರಡು ಹಳೆಯ ಚೈನು, ಯಾವತ್ತಾದರೂ ಬೇಕಾದೀತೆಂದು ಇಟ್ಟುಕೊಂಡ ಇನ್ನೊಂದು ಸುತ್ತಿಗೆ.

"ಆ ಬಿರುಕಿನ ಮಾತು, ಹನ್ನೊಂದು ವರ್ಷದಲ್ಲಿ ನೀವು ಆಡಿದ ಒಂದೇ ಒಂದು ನಿಜ" ಎಂದಳು, "ಅದೂ ಸುಳ್ಳು ಹೇಳೋಕೆ ಹೋಗಿ."

ಡಾಕ್ಟ್ರು ಬೆಸುಗೆಯ ಮಾತೇ ಆಡಲಿಲ್ಲ. ಆ ಭಾಗವನ್ನೇ ಹೊಸದು ತರಿಸಿ ಹಾಕಿದ. ಈ ಸಲ ನಾನು ಯಾವ ತಕರಾರೂ ಎತ್ತದೆ ಆ ಹುಡುಗನಿಗೆ ಫೋನ್ ಮಾಡಿ, ಬಿರುಕು ನಿಜವಾಗಿ ಇತ್ತು, ಈಗ ಸರಿಯಾಗಿದೆ ಎಂದೆ. ಬೇರೆ ಕಡೆ ಗಾಡಿ ನೋಡಿಕೊಂಡಿರುತ್ತಾರೆ ಎಂಬ ಕೊನೆಯ ಆಸೆಯೊಂದು ಮೂಲೆಯಲ್ಲಿ ಇತ್ತು.

"ನೋಡಿದ್ವಿ ಸರ್, ಮನಸ್ಸು ಒಪ್ಪಲಿಲ್ಲ" ಎಂದ. "ಎಲ್ಲರೂ ಗಾಡಿ ಚೆನ್ನಾಗಿದೆ ಅಂತಾನೇ ಹೇಳ್ತಾರೆ. ನಿಮ್ಮಷ್ಟು ಪ್ರಾಮಾಣಿಕರನ್ನ ನಾವು ಎಲ್ಲೂ ನೋಡಿಲ್ಲ. ಕೊಂಡ್ರೆ ನಿಮ್ಮ ಹತ್ರಾನೇ."

ಭಾನುವಾರ ಇಬ್ಬರೂ ಬಂದರು. ಹುಡುಗ ಗಾಡಿ ಹತ್ತಿದ. ಹುಡುಗಿ ಮಾತ್ರ ಹಿಂದಿನ ಸೀಟನ್ನು ಹಾವು ನೋಡಿದ ಹಾಗೆ ನೋಡುತ್ತ ನಿಂತಳು. ನಾನು ಹೇಳಿದ ಕಥೆ ಅವಳ ತಲೆಯಿಂದ ಇಳಿದಿರಲಿಲ್ಲ.

"ಹೆದರ್ಬೇಡಮ್ಮ, ನಾನು ಕೂತು ತೋರಿಸ್ತೀನಿ" ಎಂದು ನನ್ನ ಹೆಂಡತಿ ಸೆರಗು ಸಿಕ್ಕಿಸಿ ಹುಡುಗನ ಹಿಂದೆ ಹತ್ತಿ ಕೂತಳು. ನನ್ನ ರಥ, ನನ್ನ ಹೆಂಡತಿ, ಎರಡೂ ಬೀದಿಯ ತಿರುವಿನಲ್ಲಿ ಮರೆಯಾದವು. ನಾನು ಆ ಹುಡುಗಿಯ ಕೈಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಅಂಗಡಿ ತುಂಬ ಗಡಿಯಾರ ಇಟ್ಟುಕೊಂಡವನಿಗೆ ಹೊತ್ತು ಇಷ್ಟು ನಿಧಾನ ಹೋಗುತ್ತದೆಂದು ಗೊತ್ತಿರಲಿಲ್ಲ. ಕೊನೆಗೂ ಗಾಡಿಯ ಸದ್ದು ಕೇಳಿಸಿದಾಗ ಹೋದ ಜೀವ ಬಂದಂತಾಯಿತು. ಹುಡುಗಿಯ ಹೆದರಿಕೆಯೂ ಹೋಯಿತು. ಇಬ್ಬರೂ ಹಣ ಕೊಟ್ಟು, ರಥ ಹತ್ತಿ, ನಮಗೆ ಕೈಬೀಸಿ ಹೊರಟುಹೋದರು. ನನಗೆ ದುಃಖವಾಗಬೇಕಿತ್ತು. ಆದರೆ ಹೆಗಲಿನಿಂದ ಮೂಟೆ ಇಳಿಸಿದ ಹಾಗೆ ಹಗುರವಾಗಿತ್ತು.

"ಎಲ್ಲಿಗೆ ಹೋಗಿದ್ರಿ ಅಷ್ಟು ಹೊತ್ತು?" ಎಂದೆ ಒಳಗೆ ಬಂದು. ಮುಂದಿನ ಕೋಣೆ ಮೈದಾನದ ಹಾಗಿತ್ತು. ಅವಳು ಆಗಲೇ ಮೇಜಿಗೆ ಅಳತೆ ಹಿಡಿಯುತ್ತಿದ್ದಳು.

"ಕೆರೆ ತನಕ. ಆ ದಾರಿ ಎಷ್ಟು ಚೆನ್ನಾಗಿದೆ ರೀ! ಎರಡೂ ಕಡೆ ಮರ, ಆಚೆ ಒಂದು ಸಣ್ಣ ಸೇತುವೆ..."

"ಹೊಸದಾಗಿ ನೋಡಿದವಳ ಹಾಗೆ ಹೇಳ್ತೀಯಲ್ಲ. ನಾವು ಆ ದಾರೀಲಿ ಇಪ್ಪತ್ತು ಸಲ ಹೋಗಿದ್ದೀವಿ."

"ಹೋಗಿದ್ದೀವಿ. ನೀವು ಓಡಿಸುವಾಗ ನಾನು ಕಣ್ಣು ಮುಚ್ಚಿಕೊಂಡಿರ್ತಿದ್ದೆ."

ಬೆಟ್ಟ, ಜಲಪಾತ, ಸಮುದ್ರ, ಹನ್ನೊಂದು ವರ್ಷ ಕತ್ತು ಹೊರಳಿಸಿ "ಅದು ನೋಡು, ಇದು ನೋಡು" ಎಂದು ತೋರಿಸಿದ್ದೆಲ್ಲ ಕಣ್ಣ ಮುಂದೆ ಬಂತು.

"ಎಲ್ಲ ದಾರೀಲೂ?"

"ಎಲ್ಲ ದಾರೀಲೂ."

"ಅಷ್ಟು ಹೆದರಿಕೆ ಇದ್ರೆ ಯಾಕೆ ಬರ್ತಿದ್ದೆ? ಮನೇಲಿರ್ತೀನಿ ಅಂದಿದ್ರೆ ನಾನೊಬ್ಬನೇ ಹೋಗಿ ಬರ್ತಿದ್ನಲ್ಲ!"

"ನೀವೊಬ್ಬರೇ ಹೋಗಿದ್ರೆ ಮನೇಲಿ ಕಣ್ಣು ಮುಚ್ಚೋಕೂ ಆಗ್ತಿರಲಿಲ್ಲ" ಎಂದು ಹೇಳಿ, ಅವಳು ಅಳತೆ ಪಟ್ಟಿಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. "ಹಿಡ್ಕೊಳ್ಳಿ, ಅಲ್ಲಾಡಬೇಡಿ."