ಪಾದ್ರಿಗಳ ಮೂಲಕ

ಲಮೆಕ್ ನಂಖುಮ್ವಾ ಬರೆದ ದೂರು ಒಂದೇ ಪುಟದ್ದು. ಆದರೆ ಅವನ ಚರ್ಚ್ ಸಭೆಯ ನಿಯಮದಂತೆ ಊರ ಪಾದ್ರಿಯ ರುಜು, ಮೊಹರು ಇಲ್ಲದೆ ಯಾವ ಕಾಗದವೂ ಮೇಲಿನ ಕಚೇರಿಗೆ ಹೋಗುವಂತಿಲ್ಲ. ಈ ದೂರು ಇದ್ದದ್ದೇ ಊರ ಪಾದ್ರಿ ಮಾಟೆವೆರೆಯವರ ಮೇಲೆ!

ಲಮೆಕ್‌ನ ತಂಗಿ ಎಸಿನಾತಿಯ ಗಂಡ ಸತ್ತು ಇನ್ನೂ ವರ್ಷವಾಗಿಲ್ಲ. ಸಾಂತ್ವನದ ಪ್ರಾರ್ಥನೆಗೆಂದು ಬರುವ ಪಾದ್ರಿ ‘ಆಮೆನ್’ ಆದ ಮೇಲೂ ಅವಳ ಕೈ ಬಿಡುತ್ತಿರಲಿಲ್ಲ.

"ಅಣ್ಣಾ, ಅವ್ರು ಇನ್ಮೇಲೆ ನನ್ನ ಅಂಗಳ ತುಳೀಬಾರ್ದು. ಅಷ್ಟು ಮಾಡು ಸಾಕು" ಎಂದು ಅವಳು ಅತ್ತಿದ್ದಳು.

ಹದಿನಾರು ವರ್ಷದಿಂದ ಸಭೆಯ ಕಾರ್ಯದರ್ಶಿಯಾಗಿದ್ದ ಲಮೆಕ್ ನಿಯಮ ಮೀರಿದವನಲ್ಲ. ಕುರಿಯೇ ಹೋಗಿ ಕಟುಕನ ಬಾಗಿಲು ತಟ್ಟಿದಂತೆ, ಶನಿವಾರ ಬೆಳಿಗ್ಗೆ ದೂರು ಹಿಡಿದು ಪಾದ್ರಿಯ ಮನೆಗೇ ಹೊರಟ.

ದಾರಿಯಲ್ಲಿ ಮಹಿಳಾ ಸಂಘದ ಅಧ್ಯಕ್ಷೆ ನಾಸಿಯಾಯಾ ಜೋಳ ಕುಟ್ಟುವುದನ್ನು ನಿಲ್ಲಿಸಿ ಕೂಗಿದರು. "ಏನಪ್ಪಾ ಲಮೆಕ್, ಪಾದ್ರಿಗಳ ಮೇಲೆ ಬರ್ದಿದ್ದೀಯಂತೆ? ಕೊನೆಗೆ ನಿನ್ ತಂಗಿಯ ಸಂಘದ ತಲೆವಸ್ತ್ರಾನೇ ಕಿತ್ಕೊಂಡು ಹಿಂದಿನ ಶಿಕ್ಷೆ ಬೆಂಚಲ್ಲಿ ಕೂರಿಸ್ತಾರೆ ನೋಡ್ತಿರು. ಅಲ್ಲಿ ಕೂತವರ ಮನೆಗೆ ಪಾದ್ರಿಗಳು ಕಾಲೂ ಇಡಲ್ಲ."

"ತಪ್ಪು ಮಾಡಿದ್ದು ಅವಳಲ್ವಲ್ಲಮ್ಮಾ?"

"ಆ ಬೆಂಚಲ್ಲಿ ಇವತ್ತಿನವರೆಗೆ ಯಾವ ಪಾದ್ರಿ ಕೂತಿದ್ದಾನೆ, ಹೇಳು?"

ಲಮೆಕ್ ಸೈಕಲ್ ತುಳಿದು ಮುಂದೆ ಹೋದ.

ಮಾಟೆವೆರೆಯವರು ದೂರನ್ನು ನಿಧಾನವಾಗಿ ಎರಡು ಸಲ ಓದಿದರು.

"ಅಕ್ಷರ ಮುದ್ದಾಗಿದೆ, ಕಾರ್ಯದರ್ಶಿಗಳೇ. ನನ್ನ ಹೆಸರಿನ ಮೊದಲು ‘ಪೂಜ್ಯ’ ಒಂದು ಬಿಟ್ಟುಹೋಗಿದೆ."

ಅದನ್ನು ಅವನ ಕೈಯಿಂದಲೇ ಬರೆಸಿ, ಮೊಹರು ಒತ್ತಿ, ಆಶೀರ್ವದಿಸಿ ಕಳಿಸಿಕೊಟ್ಟರು.

ಮೇಲಿನ ಕಚೇರಿಯ ದಾರಿಯಲ್ಲಿ ಸೈಕಲ್ಲಿನ ಚೈನು ಎರಡು ಸಲ ಕಳಚಿತು. ಕೈಯೆಲ್ಲ ಎಣ್ಣೆ ಮಾಡಿಕೊಂಡು ಬಂದವನಿಂದ ದೂರು ಪಡೆದ ಅಲ್ಲಿಯ ಹಿರಿಯರು ಓದಿ ನಿಟ್ಟುಸಿರಿಟ್ಟರು.

"ಇದು ಸಣ್ಣ ಮಾತಲ್ಲ. ಇವತ್ತೇ ಅವರನ್ನ ವರ್ಗ ಮಾಡ್ತೀನಿ. ನಕೊಂಡೆ ಊರಿನ ಸಭೆಯಿಂದಲೂ ಒಂದು ಪತ್ರ ಬಂದು ಕೂತಿದೆ. ಅಲ್ಲಿಯ ಪಾದ್ರಿ ನಿಮ್ಮಲ್ಲಿಗೆ, ನಿಮ್ಮವರು ಅಲ್ಲಿಗೆ. ಒಂದೇ ಲಾರಿ ಸಾಕು."

"ಮತ್ತೆ ಶಿಕ್ಷೆ?"

"ವರ್ಗಕ್ಕಿಂತ ದೊಡ್ಡ ಶಿಕ್ಷೆ ಬೇಕೇನಪ್ಪಾ? ಪಾಪ, ಅವರ ಕೋಳಿಗಳೆಲ್ಲ ಹೊಸ ಊರಿಗೆ ಹೊಂದ್ಕೋಬೇಕು."

ಲಮೆಕ್ ಹಾರಿಕೊಂಡೇ ತಂಗಿಯ ಮನೆಗೆ ಬಂದ. "ಗೆದ್ವಿ ಕಣಮ್ಮಾ! ಇವತ್ತೇ ಹೋಗ್ತಾರೆ!"

ಎನ್‌ಸಿಮಾ ಮುದ್ದೆ ತಿರುವುತ್ತಿದ್ದ ಎಸಿನಾತಿಯ ಕೈ ನಿಂತಿತು. "ನಕೊಂಡೆಯವರು ಏನಂತ ಪತ್ರ ಬರ್ದಿದ್ರಂತೆ ಅಣ್ಣಾ?"

ಅದನ್ನು ಅವನು ಕೇಳಿರಲಿಲ್ಲ. ಖುಷಿಯಲ್ಲಿ ಮರೆತಿದ್ದ, ಪುಣ್ಯಾತ್ಮ.

ಸಂಜೆ ಲಾರಿ ಬಂತು. ಬಿಳಿ ತಲೆವಸ್ತ್ರದ ಸಂಘದ ಹೆಂಗಸರು ಸಾಲಾಗಿ ನಿಂತು ಹಾಡಿದರು, ಎಸಿನಾತಿಯೂ ಇದ್ದಳು. ಹೊಸ ಪಾದ್ರಿ ಇಳಿದು ಲಮೆಕ್‌ನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡರು. ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು, ಆಮೆನ್ ಆಯಿತು. ಕೈ ಮಾತ್ರ ಬಿಡಲಿಲ್ಲ.

"ಸಾಮಾನು ಆಮೇಲೆ ಇಳಿಸೋಣ, ಕಾರ್ಯದರ್ಶಿಗಳೇ. ಮೊದಲು ಸಾಂತ್ವನದ ಕೆಲಸ. ಗಂಡನನ್ನ ಕಳಕೊಂಡ ಹೆಣ್ಮಕ್ಕಳ ಮನೆಗಳು ಇಲ್ಲಿ ಯಾವ ಕಡೆ?"

ಎಸಿನಾತಿ ಸಾಲಿನಿಂದ ಹೊರಬಂದು, ತಲೆವಸ್ತ್ರ ಬಿಚ್ಚಿ, ಮಡಚಿ, ನಾಸಿಯಾಯಾ ಅವರ ಕೈಗಿಟ್ಟಳು.

"ಹಿಂದಿನ ಬೆಂಚಲ್ಲಿ ನಂಗೊಂದು ಜಾಗ ಇಡಿಯಮ್ಮಾ. ಅಲ್ಲಿಗಾದ್ರೆ ಯಾವ ಪಾದ್ರಿಯೂ ಬರೋದಿಲ್ಲ."